ದಾವೀದನ ‘ನೆಪೋಲಿಯನ್ ಪಟ್ಟಾಭಿಷೇಕ’ ಚಿತ್ರ ನೋಡುವುದು ಹೇಗೆ? ಕೈಗಳಿಂದ ಶುರು ಮಾಡಿ

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೊನಾಲಿಸಾ ನೋಡಿ ಹೊರಗೆ ಬಂದವರಿಗೆ ಸ್ವಲ್ಪ ದೂರದಲ್ಲೇ ಒಂದು ದೊಡ್ಡ ಕೆಂಪು ಗೋಡೆಯ ಕೋಣೆ ಸಿಗುತ್ತದೆ. ಡೆನಾನ್ ವಿಭಾಗ, ಮೊದಲ ಮಹಡಿ, 702ನೇ ಕೋಣೆ. ಅಲ್ಲಿ ಒಂದು ಗೋಡೆಯನ್ನು ಹೆಚ್ಚುಕಮ್ಮಿ ಪೂರ್ತಿ ತುಂಬಿಕೊಂಡಿರುವ ಚಿತ್ರವೇ ಫ್ರೆಂಚ್ ಚಿತ್ರಕಾರ ಜಾಕ್ ಲೂಯಿ ದಾವೀದ್ 1805ರಿಂದ 1807ರವರೆಗೆ ಬರೆದ ‘ನೆಪೋಲಿಯನ್ ಪಟ್ಟಾಭಿಷೇಕ’. ನೋತ್ರ್ ದಾಮ್ ಚರ್ಚಿನೊಳಗೆ ನಡೆದ ಒಂದು ಧಾರ್ಮಿಕ ವಿಧಿ. ಚಿತ್ರದಲ್ಲಿ ಸುಮಾರು 200 ಜನ ಇದ್ದಾರೆ.

ಎಷ್ಟೋ ಜನ ಇದರ ಮುಂದೆ ಎರಡು ನಿಮಿಷ ನಿಲ್ಲುತ್ತಾರೆ, ‘ಅಬ್ಬಾ ಎಷ್ಟು ದೊಡ್ಡದು’ ಅಂತಾರೆ, ಫೋಟೋ ಹೊಡೆದು ಮುಂದೆ ಹೋಗುತ್ತಾರೆ. ಮೊದಲ ಸಲ ನಾನೂ ಅಷ್ಟೇ ಮಾಡಿದ್ದೆ. ತಪ್ಪು ನಮ್ಮದಲ್ಲ. ಅಷ್ಟೊಂದು ಜನ, ಅಷ್ಟೊಂದು ಜರಿ, ರೇಷ್ಮೆ, ಮೇಣದಬತ್ತಿ. ಕಣ್ಣು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಎರಡನೇ ಸಲ ಹೋದಾಗ ನಾನು ಒಂದೇ ವಿಷಯ ಹಿಡಿದುಕೊಂಡೆ: ಕೈಗಳು. ಯಾರ ಕೈ ಎಲ್ಲಿದೆ, ಏನು ಹಿಡಿದಿದೆ, ಸುಮ್ಮನಿದೆಯಾ, ಮೇಲೆದ್ದಿದೆಯಾ. ಅಷ್ಟು ನೋಡುವುದರೊಳಗೆ ಮುಕ್ಕಾಲು ಗಂಟೆ ಕಳೆದಿತ್ತು. ಆ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಹೋಗುವ ಮೊದಲು ಇಷ್ಟು ಗೊತ್ತಿರಲಿ

ಪಟ್ಟಾಭಿಷೇಕ ನಡೆದದ್ದು 1804ರ ಡಿಸೆಂಬರ್ 2ರಂದು. ಫ್ರಾನ್ಸಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದದ್ದು ಸಾಮಾನ್ಯವಾಗಿ ರಾನ್ಸ್ ಪಟ್ಟಣದ ಚರ್ಚಿನಲ್ಲಿ. ನೆಪೋಲಿಯನ್ ಅದನ್ನು ಬಿಟ್ಟು ಪ್ಯಾರಿಸ್ ಆರಿಸಿಕೊಂಡ, ರೋಮ್‌ನಿಂದ ಪೋಪ್ ಏಳನೇ ಪಯಸ್ ಅವರನ್ನೇ ಕರೆಸಿಕೊಂಡ. ಪೋಪ್ ಬಂದರು. ಆದರೆ ಚರ್ಚಿನಲ್ಲಿ ಮದುವೆಯೇ ಆಗದ ಜೋಡಿಗೆ ಅಭಿಷೇಕ ಮಾಡುವುದು ಹೇಗೆ ಎಂಬ ಪ್ರಶ್ನೆ ಬಂತು. ನೆಪೋಲಿಯನ್ ಮತ್ತು ಜೋಸೆಫೀನ್ 1796ರಲ್ಲಿ ಸರ್ಕಾರಿ ರೀತಿಯಲ್ಲಿ ಮಾತ್ರ ಮದುವೆಯಾಗಿದ್ದರು. ಹಾಗಾಗಿ ಹಿಂದಿನ ದಿನ, ಡಿಸೆಂಬರ್ 1ರ ರಾತ್ರಿ, ನೆಪೋಲಿಯನ್ನನ ಸೋದರಮಾವ ಕಾರ್ಡಿನಲ್ ಫೆಶ್ ಸದ್ದಿಲ್ಲದೆ ಅವರ ಚರ್ಚ್ ಮದುವೆ ಮಾಡಿಸಿದರು. ಚಿತ್ರದಲ್ಲಿ ಮಂಡಿಯೂರಿ ಕೂತಿರುವ ಜೋಸೆಫೀನಳನ್ನು ನೋಡುವಾಗ ಇದು ನೆನಪಿರಲಿ.

ಇನ್ನೊಂದು ವಿಷಯ. ಪೋಪ್ ಕೈಯಲ್ಲಿದ್ದ ಕಿರೀಟವನ್ನು ನೆಪೋಲಿಯನ್ ಕಿತ್ತುಕೊಂಡು ತಾನೇ ತಲೆಗೆ ಇಟ್ಟುಕೊಂಡ ಎಂಬ ಕಥೆ ಎಲ್ಲರೂ ಕೇಳಿರುತ್ತೀರಿ, ಅಲ್ವಾ? ತಾನೇ ಇಟ್ಟುಕೊಂಡದ್ದು ನಿಜ. ಕಿತ್ತುಕೊಂಡದ್ದು ಸುಳ್ಳು. ಪೋಪ್ ಪವಿತ್ರ ತೈಲದಿಂದ ಇಬ್ಬರಿಗೂ ಅಭಿಷೇಕ ಮಾಡುವುದು, ಕಿರೀಟವನ್ನು ಮಾತ್ರ ನೆಪೋಲಿಯನ್ ತಾನೇ ಎತ್ತಿಕೊಳ್ಳುವುದು, ಆಮೇಲೆ ಹೆಂಡತಿಗೆ ತೊಡಿಸುವುದು, ಇದೆಲ್ಲ ಮೊದಲೇ ಮಾತಾಗಿತ್ತು. ಈ ಕಥೆಯನ್ನು ತಲೆಯಿಂದ ತೆಗೆದು ಹಾಕಿ. ಇಲ್ಲದಿದ್ದರೆ ಚಿತ್ರದಲ್ಲಿ ಇಲ್ಲದ ಜಗಳವನ್ನು ಹುಡುಕುತ್ತಾ ನಿಲ್ಲುತ್ತೀರಿ.

ಎಲ್ಲಿ ನಿಲ್ಲಬೇಕು

ಚಿತ್ರದ ಅಳತೆ 6.21 ಮೀಟರ್ ಎತ್ತರ, 9.79 ಮೀಟರ್ ಅಗಲ. ಹತ್ತಿರ ನಿಂತರೆ ಒಂದು ತುದಿ ಕಣ್ಣಿಗೆ ಬಂದಾಗ ಇನ್ನೊಂದು ತಪ್ಪಿಹೋಗುತ್ತದೆ. ಮೊದಲು ಕೋಣೆಯ ಎದುರು ಬದಿಗೆ ಹೋಗಿ. ಕಣ್ಣನ್ನು ಸ್ವಲ್ಪ ಕಿರಿದು ಮಾಡಿ ನೋಡಿ, ಆಗ ಮುಖಗಳು ಕರಗಿ ಬರೀ ಬೆಳಕು ಮತ್ತು ಬಣ್ಣ ಉಳಿಯುತ್ತದೆ. ಮೇಲಿನ ಅರ್ಧಭಾಗದಲ್ಲಿ ದೊಡ್ಡ ಕಂಬಗಳು, ಪರದೆ, ನೆರಳು. ಜನರೆಲ್ಲ ಹೆಚ್ಚುಕಮ್ಮಿ ಕೆಳಗಿನ ಅರ್ಧದಲ್ಲಿ. ಒಂದು ದೊಡ್ಡ ಕೆಂಪು ನಿಲುವಂಗಿ ನೆಲದ ಮೇಲೆ ಎಡಕ್ಕೆ ಹರಡಿಕೊಂಡಿದೆ, ಅದರ ತುದಿಯಲ್ಲಿ ಬಿಳಿ ಬಟ್ಟೆಯ ಹೆಂಗಸು. ಬೆಳಕು ಬಿದ್ದಿರುವುದು ಅವಳ ಮೇಲೆ ಮತ್ತು ಬಲಕ್ಕೆ ಕೂತಿರುವ ಪೋಪ್ ಮೇಲೆ.

ಆಮೇಲೆ ಹತ್ತಿರ ಬನ್ನಿ, ಚಿತ್ರದ ಜನ ಆಳೆತ್ತರಕ್ಕೇ ಇದ್ದಾರೆ ಅಂತ ಆಗ ತಿಳಿಯುತ್ತದೆ. 1808ರ ಜನವರಿ 4ರಂದು ನೆಪೋಲಿಯನ್ ಚಿತ್ರ ನೋಡಲು ದಾವೀದನ ಸ್ಟುಡಿಯೋಗೆ ಬಂದಿದ್ದ. ತುಂಬಾ ಹೊತ್ತು ನೋಡಿ, ಇದು ಚಿತ್ರವಲ್ಲ, ಇದರೊಳಗೆ ನಡೆದುಕೊಂಡು ಹೋಗಬಹುದು ಎಂದನಂತೆ. ಸುಮ್ನೆ ಹೊಗಳಿಕೆ ಅನ್ನಿಸಬಹುದು. ಚಿತ್ರದ ಮುಂದೆ ನಿಂತಾಗ ಅದು ಮಾಪನದ ಮಾತು ಅಂತ ಗೊತ್ತಾಗುತ್ತದೆ. ಅಂದಹಾಗೆ ಆ ಸ್ಟುಡಿಯೋ ಪ್ಯಾರಿಸ್‌ನ ಸೋರ್ಬನ್ ವಿಶ್ವವಿದ್ಯಾಲಯದ ಹತ್ತಿರದ ಹಳೆಯ ಕ್ಲೂನಿ ಚರ್ಚ್. ಇಷ್ಟು ದೊಡ್ಡ ಕ್ಯಾನ್ವಾಸ್ ಹರಡಲು ಬೇರೆಲ್ಲೂ ಜಾಗ ಇರಲಿಲ್ಲ. ಚರ್ಚಿನ ಚಿತ್ರ ಹುಟ್ಟಿದ್ದೂ ಒಂದು ಚರ್ಚಿನಲ್ಲೇ.

ಮೊದಲ ಎರಡು ಕೈ: ಜೋಸೆಫೀನ್

ನೆಪೋಲಿಯನ್ನನನ್ನು ಈಗಲೇ ನೋಡಬೇಡಿ. ಜೋಸೆಫೀನಳಿಂದ ಶುರು ಮಾಡಿ. ಎರಡೂ ಕೈ ಜೋಡಿಸಿ, ತಲೆ ಬಗ್ಗಿಸಿ, ಮೆಟ್ಟಿಲ ಬಳಿ ಮಂಡಿಯೂರಿದ್ದಾಳೆ. ಆ ದಿನ ಅವಳಿಗೆ 41 ವರ್ಷ. ಚಿತ್ರದಲ್ಲಿ ಇಪ್ಪತ್ತೈದರ ಹುಡುಗಿಯ ಹಾಗಿದ್ದಾಳೆ. ಅದನ್ನು ನೋಡಿ ನಗುವವರಿದ್ದಾರೆ, ನನಗೆ ನಗು ಬರುವುದಿಲ್ಲ. ಇಡೀ ಚಿತ್ರದಲ್ಲಿ ನಿಜವಾಗಿ ಪ್ರಾರ್ಥನೆ ಮಾಡುತ್ತಿರುವಂತೆ ಕಾಣುವುದು ಇವಳೊಬ್ಬಳೇ. ಉಳಿದವರೆಲ್ಲ ನೋಡುತ್ತಿದ್ದಾರೆ, ಹಿಡಿದುಕೊಂಡಿದ್ದಾರೆ, ಕಾಯುತ್ತಿದ್ದಾರೆ.

ಅವಳ ಬೆನ್ನ ಹಿಂದೆ ಆ ಕೆಂಪು ಮಖಮಲ್ಲಿನ ಸೆರಗು, ಮೇಲೆಲ್ಲ ಚಿನ್ನದ ಜೇನುಹುಳುಗಳು, ಒಳಗೆ ಅರ್ಮಿನ್ ಎಂಬ ಬಿಳಿ ತುಪ್ಪಳ. ಜೇನುಹುಳು ನೆಪೋಲಿಯನ್ ತನ್ನ ಹೊಸ ವಂಶಕ್ಕೆ ಆರಿಸಿಕೊಂಡ ಗುರುತು. ಹಳೆಯ ರಾಜರ ಲಿಲ್ಲಿ ಹೂವಿನ ಜಾಗಕ್ಕೆ ಇದು ಬಂತು. ಸೆರಗನ್ನು ಎತ್ತಿ ಹಿಡಿದವರು ಆಸ್ಥಾನದ ಇಬ್ಬರು ಹೆಂಗಸರು, ಮದಾಮ್ ದ ಲಾ ರೋಶ್‌ಫುಕೋ ಮತ್ತು ಮದಾಮ್ ದ ಲಾವಲೆಟ್. ನಿಜವಾದ ಸಮಾರಂಭದಲ್ಲಿ ಈ ಸೆರಗು ಹೊರುವ ಕೆಲಸ ನೆಪೋಲಿಯನ್ನನ ತಂಗಿಯರಿಗೆ ಬಿದ್ದಿತ್ತು. ಅತ್ತಿಗೆಯ ಸೆರಗು ಹಿಡಿಯಲು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಚಿತ್ರದಲ್ಲಿ ಆ ತಂಗಿಯರು ಎಡಕ್ಕೆ ಸಾಲಾಗಿ ಆರಾಮವಾಗಿ ನಿಂತಿದ್ದಾರೆ. ದಾವೀದ್ ಅವರ ಕೈ ಬಿಡಿಸಿಕೊಟ್ಟಿದ್ದಾನೆ.

ನೆಪೋಲಿಯನ್ನನ ಕೈ ಮೊದಲು ಬೇರೆ ಥರ ಇತ್ತು

ಈಗ ಕಿರೀಟ ಎತ್ತಿದ ಕೈಗಳಿಗೆ ಬನ್ನಿ. ನೆಪೋಲಿಯನ್ ಎರಡೂ ಕೈಯಲ್ಲಿ ಕಿರೀಟ ಎತ್ತಿ ಹಿಡಿದು ಹೆಂಡತಿಯ ತಲೆಗೆ ಇಡಲು ಹೊರಟಿದ್ದಾನೆ. ಅವನ ತಲೆಯ ಮೇಲೆ ಆಗಲೇ ಚಿನ್ನದ ಲಾರೆಲ್ ಎಲೆಗಳ ಕಿರೀಟ ಇದೆ.

ದಾವೀದನ ಮೊದಲ ಯೋಚನೆ ಇದಲ್ಲ. ಲೂವ್ರ್‌ನಲ್ಲೇ ಇರುವ ಒಂದು ರೇಖಾಚಿತ್ರದಲ್ಲಿ ನೆಪೋಲಿಯನ್ ಒಂದು ಕೈಯಿಂದ ತನ್ನ ತಲೆಗೆ ತಾನೇ ಕಿರೀಟ ಇಟ್ಟುಕೊಳ್ಳುತ್ತಿದ್ದಾನೆ, ಇನ್ನೊಂದು ಕೈಯಲ್ಲಿ ಕತ್ತಿಯನ್ನು ಎದೆಗೆ ಅವಚಿಕೊಂಡಿದ್ದಾನೆ. ನಡೆದದ್ದಕ್ಕೆ ಅದು ಹತ್ತಿರ. ಆದರೆ ನೋಡಲು ಒರಟು. ಬೆನ್ನ ಹಿಂದೆ ಪೋಪ್ ಕೂತಿರುವಾಗ ಒಬ್ಬ ಸೇನಾಪತಿ ಕತ್ತಿ ಹಿಡಿದು ತನಗೆ ತಾನೇ ಪಟ್ಟ ಕಟ್ಟಿಕೊಳ್ಳುವುದು! ದಾವೀದನ ಹಳೆಯ ಶಿಷ್ಯ ಜೆರಾರ್ ಬೇರೆ ಕ್ಷಣ ಆರಿಸಿಕೊಳ್ಳುವಂತೆ ಸಲಹೆ ಕೊಟ್ಟ ಎನ್ನುತ್ತಾರೆ. ಹಾಗೆ ಕತ್ತಿ ಹಿಡಿದ ಕೈ ಹೋಯಿತು, ಹೆಂಡತಿಗೆ ಕಿರೀಟ ತೊಡಿಸುವ ಕೈ ಬಂತು.

ಸಾಧ್ಯವಾದರೆ ಆ ರೇಖಾಚಿತ್ರದ ಫೋಟೋ ಫೋನ್‌ನಲ್ಲಿ ಇಟ್ಟುಕೊಂಡು ಹೋಗಿ. ದೊಡ್ಡ ಚಿತ್ರದ ಮುಂದೆ ನಿಂತು ಎರಡನ್ನೂ ಒಂದರ ಮೇಲೊಂದು ನೋಡಿ. ಇದೊಂದು ಕೆಲಸ ತಪ್ಪಿಸಬೇಡಿ. ಬೇರೆ ಯಾವ ವಿವರಣೆಗಿಂತ ಇದು ಜಾಸ್ತಿ ಕಲಿಸುತ್ತದೆ.

ಪೋಪ್ ಅವರ ಬಲಗೈ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನನ್ನ ಪ್ರಕಾರ ಇಡೀ ಚಿತ್ರದ ಕೀಲಿ ಈ ಕೈಯಲ್ಲಿದೆ.

ನೆಪೋಲಿಯನ್ನನ ಬೆನ್ನ ಹಿಂದೆ ಪೋಪ್ ಕೂತಿದ್ದಾರೆ. ಬಲಗೈ ಸ್ವಲ್ಪ ಮೇಲೆದ್ದಿದೆ, ಆಶೀರ್ವಾದಕ್ಕೆ ಬೆರಳು ನೆಟ್ಟಗಾಗಿವೆ. ತುಂಬಾ ಮೇಲೆ ಎತ್ತಿಲ್ಲ. ಎದೆಯ ಮಟ್ಟಕ್ಕೆ ಅಷ್ಟೇ. ಮೊದಲು ದಾವೀದ್ ಪೋಪ್ ಅವರನ್ನು ಎರಡೂ ಕೈ ತೊಡೆಯ ಮೇಲಿಟ್ಟು ಕೂತ ಹಾಗೆ ಬರೆದಿದ್ದ. ನೆಪೋಲಿಯನ್ನಿಗೆ ಅದು ಸರಿಬರಲಿಲ್ಲ. ಏನೂ ಮಾಡದೆ ಕೂರಲಿ ಅಂತ ಇಷ್ಟು ದೂರದಿಂದ ಕರೆಸಿಕೊಂಡೆನಾ ಎಂಬರ್ಥದ ಮಾತು ಹೇಳಿದನಂತೆ. ಕೈ ಮೇಲೆದ್ದಿತು.

ಈಗ ಒಂದು ಪ್ರಯೋಗ ಮಾಡಿ. ಏಳೆಂಟು ಮೀಟರ್ ದೂರ ನಿಂತು, ಒಂದು ಕಣ್ಣು ಮುಚ್ಚಿ, ಕೈ ನೀಡಿ, ಹೆಬ್ಬೆರಳಿನಿಂದ ಪೋಪ್ ಅವರ ಆ ಬಲಗೈಯನ್ನು ಮರೆಮಾಡಿ. ಉಳಿದದ್ದೇನು? ಒಬ್ಬ ವಯಸ್ಸಾದ ಗುರು, ದಣಿದ ಮುಖ, ತನ್ನ ಮುಂದೆ ನಡೆಯುವುದನ್ನು ನೋಡುತ್ತಾ ಕೂತಿದ್ದಾರೆ. ಮಾತಿಲ್ಲ. ಒಪ್ಪಿದ್ದಾರೋ ಇಲ್ಲವೋ ತಿಳಿಯದು. ಹೆಬ್ಬೆರಳು ತೆಗೆಯಿರಿ. ಒಂದೇ ಒಂದು ಕೈ ಬಂದ ಕೂಡಲೇ ಅದೇ ಮುಖ ಒಪ್ಪಿಗೆ ಕೊಡುತ್ತಿರುವಂತೆ ಕಾಣುತ್ತದೆ, ಇಡೀ ಸಮಾರಂಭಕ್ಕೆ ದೇವರ ಮುದ್ರೆ ಬಿದ್ದ ಹಾಗಾಗುತ್ತದೆ. ಎರಡು ಮೂರು ಸಲ ಮಾಡಿ ನೋಡಿ. ಮುಖವನ್ನು ಮೊದಲೇ ಬರೆದು, ಕೈಯನ್ನು ಆಮೇಲೆ ಎತ್ತಿಸಿದರೆ ಹೇಗಿರುತ್ತದೋ ಹಾಗೇ ಇದೆ ಅದು. ಮುಖ ಒಂದು ಹೇಳುತ್ತದೆ, ಕೈ ಇನ್ನೊಂದು.

ಪೋಪ್ ಅವರ ಮುಖ ದಾವೀದನಿಗೆ ಚೆನ್ನಾಗಿ ಪರಿಚಯವಿತ್ತು. ಅವರು ಪ್ಯಾರಿಸ್‌ನಲ್ಲಿದ್ದಾಗಲೇ ಅವನು ಅವರ ಭಾವಚಿತ್ರವನ್ನೂ ಬರೆದಿದ್ದ. 1805ರ ಆ ಚಿತ್ರವೂ ಲೂವ್ರ್ ಸಂಗ್ರಹದಲ್ಲಿದೆ. ಅದರಲ್ಲಿ ಅದೇ ಕಪ್ಪು ಕಣ್ಣು, ಅದೇ ಮೃದು ನೋಟ, ಆದರೆ ಯಾವ ಒತ್ತಾಯವೂ ಇಲ್ಲ. ಮುಂದೆ ಏನಾಯಿತು ಅನ್ನುವುದೂ ಗೊತ್ತಿರಲಿ: 1809ರಲ್ಲಿ ನೆಪೋಲಿಯನ್ನನ ಸೈನಿಕರು ಇದೇ ಪೋಪ್ ಅವರನ್ನು ಬಂಧಿಸಿದರು. ಮೊದಲು ಇಟಲಿಯ ಸವೋನಾದಲ್ಲಿ, ಆಮೇಲೆ ಪ್ಯಾರಿಸ್ ಹತ್ತಿರದ ಫೋಂಟೆನ್‌ಬ್ಲೋ ಅರಮನೆಯಲ್ಲಿ ಇಟ್ಟಿದ್ದರು. ಅವರು ರೋಮ್‌ಗೆ ವಾಪಸಾಗಿದ್ದು 1814ರಲ್ಲಿ. ಚಿತ್ರದ ಬಣ್ಣ ಒಣಗಿ ಎರಡು ವರ್ಷವೂ ಆಗಿರಲಿಲ್ಲ, ಅಷ್ಟರಲ್ಲಿ ಆಶೀರ್ವಾದ ಕೊಟ್ಟ ಕೈ ಸೆರೆಯಲ್ಲಿತ್ತು.

ಬಲಬದಿಯಲ್ಲಿ ಒಂದು ದಂತದ ಕೈ

ಬಲ ಮೂಲೆಯಲ್ಲಿ ನಮಗೆ ಬೆನ್ನು ಅಥವಾ ಪಕ್ಕ ತಿರುಗಿಸಿ ನಿಂತವರೆಲ್ಲ ಸಾಮ್ರಾಜ್ಯದ ದೊಡ್ಡ ಅಧಿಕಾರಿಗಳು. ಲಬ್ರನ್ ಕೈಯಲ್ಲಿ ತುದಿಗೆ ಹದ್ದು ಇರುವ ರಾಜದಂಡ. ಬೆರ್ತಿಯೇ ಕೈಯಲ್ಲಿ ಶಿಲುಬೆ ಇಟ್ಟ ಗೋಳ. ಕಾಂಬಸೆರೆಸ್ ಹಿಡಿದಿರುವ ಕೋಲಿನ ತುದಿ ಮಾತ್ರ ಗಮನವಿಟ್ಟು ನೋಡಿ, ಅಲ್ಲಿ ಪುಟ್ಟದೊಂದು ಕೈ ಇದೆ. ಫ್ರಾನ್ಸಿನ ರಾಜರ ‘ನ್ಯಾಯದ ಕೈ’ ಅದು. ಹಳೆಯದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಹೋಗಿತ್ತು, ಹಾಗಾಗಿ 1804ರಲ್ಲಿ ಬಿಯೆನೆ ಎಂಬ ಅಕ್ಕಸಾಲಿಯಿಂದ ಹೊಸದು ಮಾಡಿಸಿದರು. ಪೋಪ್ ಅವರ ಜೀವಂತ ಕೈ ನೋಡಿದ ಕಣ್ಣಿನಲ್ಲೇ ಈ ದಂತದ ಕೈ ನೋಡಿ.

ಅಲ್ಲೇ ಕೆಂಪು ಉಡುಪಿನಲ್ಲಿ ತುಟಿಯಂಚಲ್ಲಿ ನಗು ಇಟ್ಟುಕೊಂಡು ನಿಂತವನು ತಾಲೆರಾನ್. ವಿದೇಶಾಂಗ ಮಂತ್ರಿ. ಒಂದು ಕಾಲಕ್ಕೆ ಬಿಷಪ್ ಆಗಿದ್ದವನು. ಈ ವಿಧಿಯ ಒಂದೊಂದು ಹೆಜ್ಜೆಯ ಅರ್ಥವೂ ಅವನಿಗೆ ಗೊತ್ತಿತ್ತು.

ಎಡಬದಿ, ಒಂದು ಮಗುವಿನ ಕೈ

ಎಡಕ್ಕೆ ಬಿಳಿ ಉಡುಪಿನ ಹೆಂಗಸರ ಸಾಲು. ನೆಪೋಲಿಯನ್ನನ ತಂಗಿಯರು, ಜೋಸೆಫೀನಳ ಮಗಳು ಓರ್ತಾನ್ಸ್, ಅವನ ಅಣ್ಣ ಜೋಸೆಫನ ಹೆಂಡತಿ ಜೂಲಿ. ಓರ್ತಾನ್ಸ್ ಒಬ್ಬ ಪುಟ್ಟ ಹುಡುಗನ ಕೈ ಹಿಡಿದಿದ್ದಾಳೆ. ಅವಳ ಮಗ ನೆಪೋಲಿಯನ್ ಶಾರ್ಲ್. ನೆಪೋಲಿಯನ್ನಿಗೆ ಮಕ್ಕಳಿರಲಿಲ್ಲ, ಸಿಂಹಾಸನಕ್ಕೆ ಈ ಹುಡುಗನೇ ಬರಬಹುದು ಅಂತ ಆಗ ಎಲ್ಲರೂ ಅಂದುಕೊಂಡಿದ್ದರು. ಸಮಾರಂಭದ ದಿನ ಅವನಿಗೆ ಎರಡು ವರ್ಷ ಅಷ್ಟೇ. 1807ರ ಮೇ ತಿಂಗಳಲ್ಲಿ, ಚಿತ್ರದ ಕೆಲಸ ಇನ್ನೂ ನಡೆಯುತ್ತಿರುವಾಗಲೇ, ನಾಲ್ಕು ವರ್ಷ ತುಂಬಿದ ಮಗು ತೀರಿಕೊಂಡಿತು. ಚಿತ್ರದಲ್ಲಿ ಮಾತ್ರ ಅಮ್ಮನ ಕೈ ಹಿಡಿದು ಹಾಗೇ ನಿಂತಿದೆ. ಎರಡು ವರ್ಷ ಕಳೆದ ಮೇಲೆ, 1809ರ ಕೊನೆಗೆ, ವಾರಸುದಾರ ಬೇಕೆಂದು ನೆಪೋಲಿಯನ್ ಜೋಸೆಫೀನಳಿಗೆ ವಿಚ್ಛೇದನ ಕೊಟ್ಟ. ಈ ಮಗುವಿನಿಂದ ಜೋಸೆಫೀನಳ ಜೋಡಿಸಿದ ಕೈಗೆ ಒಂದು ಗೆರೆ ಎಳೆದು ನೋಡಿ.

ಮೇಲಿನ ಸಾಲಿನಲ್ಲಿ ಬಾರದ ಅಮ್ಮ, ಬರೆಯುವ ಮಗ

ಈಗ ಕತ್ತೆತ್ತಿ. ನಡುವೆ ಹಿಂದುಗಡೆ ಒಂದು ಉಪ್ಪರಿಗೆಯಲ್ಲಿ ಗಣ್ಯರು ಕೂತಿದ್ದಾರೆ. ಕೇಂದ್ರದಲ್ಲಿ ಬಿಳಿ ಉಡುಪಿನ ಹಿರಿಯ ಹೆಂಗಸು ನೆಪೋಲಿಯನ್ನನ ತಾಯಿ ಲೆಟಿಜಿಯಾ. ಆದರೆ ಆಕೆ ಅವತ್ತು ನೋತ್ರ್ ದಾಮ್‌ನಲ್ಲಿ ಇರಲೇ ಇಲ್ಲ. ಮಕ್ಕಳ ನಡುವೆ ಜಗಳವಾಗಿತ್ತು, ಮನೆಯಿಂದ ದೂರವಾದ ಇನ್ನೊಬ್ಬ ಮಗ ಲೂಸಿಯನ್ ಪರವಾಗಿ ನಿಂತು ಆಕೆ ರೋಮ್‌ನಲ್ಲೇ ಉಳಿದಿದ್ದರು. ಮಗ ಚಕ್ರವರ್ತಿಯಾಗುವುದನ್ನು ಅಮ್ಮ ನೋಡದೇ ಇರುವುದು ಚರಿತ್ರೆ. ನೋಡಿ ಸಂತೋಷಪಡುವುದು ಚಿತ್ರ. ಅತಿ ಒಳ್ಳೆಯ ಜಾಗ ಕೊಟ್ಟು ಕೂರಿಸಿದ್ದಾರೆ.

ಆಕೆಯ ಮೇಲಿನ ಸಾಲಿನಲ್ಲಿ ಇನ್ನೊಂದು ಕೈ ಹುಡುಕಿ: ಕಾಗದ ಹಿಡಿದು ಬರೆದುಕೊಳ್ಳುತ್ತಿರುವವನು. ಅವನೇ ದಾವೀದ್. ಸಮಾರಂಭದ ದಿನ ಅವನಿಗೆ ಚರ್ಚಿನೊಳಗೆ ಜಾಗ ಸಿಕ್ಕಿತ್ತು, ಅಲ್ಲಿಂದಲೇ ರೇಖಾಚಿತ್ರ ಮಾಡಿಕೊಂಡ. ಪಕ್ಕದಲ್ಲಿ ಅವನ ಮನೆಯವರು, ಅವನ ಗುರು ವಿಯೆನ್ ಕೂಡ ಇದ್ದಾರೆ. ಇದೇ ದಾವೀದ್ ಹನ್ನೆರಡು ವರ್ಷದ ಹಿಂದೆ, 1793ರಲ್ಲಿ, ಕ್ರಾಂತಿಯ ಸಭೆಯಲ್ಲಿ ಕೂತು 16ನೇ ಲೂಯಿಗೆ ಮರಣದಂಡನೆ ಆಗಲಿ ಅಂತ ಮತ ಹಾಕಿದವನು. ರಾಜನ ತಲೆ ಹೋಗಲಿ ಎಂದವನ ಕೈಯೇ ಈಗ ಹೊಸ ಕಿರೀಟ ಬರೆಯುತ್ತಿದೆ. ನೆಪೋಲಿಯನ್ ಬಿದ್ದ ಮೇಲೆ ಆ ಹಳೆಯ ಮತಕ್ಕಾಗಿಯೇ ಅವನು ದೇಶ ಬಿಡಬೇಕಾಯಿತು. ಸತ್ತಿದ್ದು 1825ರಲ್ಲಿ, ಬ್ರಸೆಲ್ಸ್‌ನಲ್ಲಿ.

ಇದು ನೋತ್ರ್ ದಾಮ್ ಹಾಗೆ ಕಾಣುವುದಿಲ್ಲವಲ್ಲ?

ಹೌದು, ಕಾಣುವುದಿಲ್ಲ. ಮೊನಚು ಕಮಾನು ಎಲ್ಲಿ ಅಂತ ಹುಡುಕಿ ಸೋಲಬೇಡಿ. ಸಮಾರಂಭಕ್ಕಾಗಿ ಪರ್ಸಿಯೇ ಮತ್ತು ಫೋಂಟೇನ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಚರ್ಚಿನ ಒಳಗನ್ನು ಪೂರ್ತಿ ಮುಚ್ಚಿ, ಹಳೆಯ ರೋಮನ್ ಶೈಲಿಯ ಅಲಂಕಾರ ಕಟ್ಟಿದ್ದರು. ದಾವೀದ್ ಬರೆದದ್ದು ಆ ಅಲಂಕಾರವನ್ನು. ಕಟ್ಟಡದ ಆಳ ಅಗಲ ಸರಿಯಾಗಿ ಬರಲಿ ಅಂತ ಆಪೆರಾದ ರಂಗಸಜ್ಜಿಕೆ ಮಾಡುತ್ತಿದ್ದ ದೆಗೋತಿಯ ಸಹಾಯ ತೆಗೆದುಕೊಂಡ. ಜನರನ್ನು ಎಲ್ಲಿ ನಿಲ್ಲಿಸುವುದು ಅಂತ ತಿಳಿಯಲು ಪುಟ್ಟ ಗೊಂಬೆಗಳಿಟ್ಟು ಮಾದರಿ ಕೂಡ ಮಾಡಿಕೊಂಡಿದ್ದ. 2019ರ ಬೆಂಕಿಯ ನಂತರ ದುರಸ್ತಿಯಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ ನೋತ್ರ್ ದಾಮ್‌ಗೆ ಅದೇ ದಿನ ಹೋಗುವವರು ಚಿತ್ರವನ್ನು ಮೊದಲು ನೋಡಿ, ಆಮೇಲೆ ಚರ್ಚಿಗೆ ಹೋಗಿ. ಎಷ್ಟು ಮುಚ್ಚಿದ್ದರು ಅನ್ನುವುದು ಆಗ ಗೊತ್ತಾಗುತ್ತದೆ.

ಪ್ಯಾರಿಸ್‌ಗೆ ಹೋಗಲಾಗದಿದ್ದರೆ, ಅಥವಾ ಇನ್ನೂ ಬೇಕೆನಿಸಿದರೆ

ಪರದೆಯ ಮೇಲೆ ನೋಡುವುದೂ ಕಡಿಮೆ ಏನಲ್ಲ. ದೊಡ್ಡ ಅಳತೆಯ ಫೋಟೋ ಹುಡುಕಿ, ಹಿಗ್ಗಿಸಿ, ಒಂದೊಂದೇ ಕೈಯನ್ನು ನೋಡುತ್ತಾ ಹೋಗಿ. ಉಪ್ಪರಿಗೆಯ ದಾವೀದ್ ಅಂತೂ ಲೂವ್ರ್‌ಗಿಂತ ಪರದೆಯಲ್ಲೇ ಚೆನ್ನಾಗಿ ಸಿಗುತ್ತಾನೆ, ಅಲ್ಲಿ ಅವನು ತುಂಬಾ ಎತ್ತರದಲ್ಲಿದ್ದಾನೆ. ಆದರೆ ಹಿಗ್ಗಿಸುವ ಮೊದಲು ಪೂರ್ತಿ ಚಿತ್ರವನ್ನು ಐದು ನಿಮಿಷ ನೋಡಿ. ತುಂಡು ತುಂಡಾಗಿ ಶುರು ಮಾಡಿದರೆ ಆ ಬೆಳಕಿನ ಲೆಕ್ಕ ತಪ್ಪಿಹೋಗುತ್ತದೆ.

ಪ್ಯಾರಿಸ್‌ನಲ್ಲಿ ಇರುವವರು ವರ್ಸೇಲ್ಸ್ ಅರಮನೆಗೂ ಹೋಗಿ. ಅಲ್ಲಿ ಇದೇ ಅಳತೆಯ ಇನ್ನೊಂದು ಪ್ರತಿ ಇದೆ, ದಾವೀದನೇ 1808ರಲ್ಲಿ ಶುರು ಮಾಡಿ ದೇಶಭ್ರಷ್ಟನಾದ ಮೇಲೆ 1822ರಲ್ಲಿ ಬ್ರಸೆಲ್ಸ್‌ನಲ್ಲಿ ಮುಗಿಸಿದ್ದು. ಅಲ್ಲಿ ಒಬ್ಬ ತಂಗಿಯ ಉಡುಪು ಬಿಳಿಯ ಬದಲು ಗುಲಾಬಿ. ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಹೊಡೆಯುತ್ತದೆ.

ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ನೆನಪಿಡಿ. ಬುಧವಾರ ಮತ್ತು ಶುಕ್ರವಾರ ರಾತ್ರಿಯವರೆಗೆ ತೆರೆದಿರುತ್ತದೆ, ನನಗೆ ಆ ಸಂಜೆಗಳೇ ಇಷ್ಟ. ಗುಂಪುಗಳು ಹೋದ ಮೇಲೆ ಹೆಬ್ಬೆರಳು ಎತ್ತಿ ನಿಂತರೂ ಯಾರೂ ಅಡ್ಡ ಬರುವುದಿಲ್ಲ.

ಹೊರಡುವ ಮುಂಚೆ ಅದೇ ಕೋಣೆಯಲ್ಲಿ ದಾವೀದನ ಇನ್ನೊಂದು ಚಿತ್ರವನ್ನೂ ಹುಡುಕಿ: ‘ಹೊರಾಷಿಯರ ಪ್ರತಿಜ್ಞೆ’. ಪಟ್ಟಾಭಿಷೇಕಕ್ಕೆ ಇಪ್ಪತ್ತು ವರ್ಷ ಮೊದಲು, ಕ್ರಾಂತಿಗೂ ಮುಂಚೆ, 1784ರಲ್ಲಿ ಬರೆದದ್ದು. ಅಲ್ಲಿ ಹಳೆಯ ರೋಮ್ ಕಥೆಯ ಮೂವರು ಅಣ್ಣತಮ್ಮಂದಿರು, ಮೂರು ನೀಡಿದ ಕೈ. ಅಪ್ಪ ಎತ್ತಿ ಹಿಡಿದ ಕತ್ತಿಗಳ ಕಡೆಗೆ ಆ ಕೈಗಳು ಚಾಚಿವೆ.